ಪಿಪಿಟಿ ಹಾಕಿದರೆ ಹತ್ತನೇ ಕ್ಲಾಸ್ ತೂಕಡಿಸುತ್ತದೆ. ವಿಜ್ಞಾನ ಶಿಕ್ಷಕರು ಏನು ಮಾಡುತ್ತೀರಿ?

ಸಿಬಿಝೆಡ್_ಮಿಸ್
ಎಲ್ಲರಿಗೂ ನಮಸ್ಕಾರ. ಹಾವೇರಿ ಜಿಲ್ಲೆಯ ಒಂದು ಅನುದಾನಿತ ಪ್ರೌಢಶಾಲೆಯಲ್ಲಿ ನಾನು ಸಿಬಿಝೆಡ್ ಶಿಕ್ಷಕಿ. 9 ಮತ್ತು 10ನೇ ತರಗತಿಯ ರಸಾಯನ, ಜೀವಶಾಸ್ತ್ರ ನನ್ನ ಪಾಲು. ಹಳೆ ವಿದ್ಯಾರ್ಥಿಗಳು ಸೇರಿ ಶಾಲೆಗೆ ಪ್ರೊಜೆಕ್ಟರ್ ಕೊಡಿಸಿದ್ದಾರೆ. ಎಚ್‌ಎಂ ಅವರಿಗೆ ಖುಷಿಯೋ ಖುಷಿ. ವಾರಕ್ಕೆ ಎರಡು ಪೀರಿಯಡ್ ಪಿಪಿಟಿ ಪಾಠ ಆಗಲೇಬೇಕು, ಫೋಟೋ ತೆಗೆದು ಗ್ರೂಪಿಗೆ ಹಾಕಬೇಕು ಅಂತ ಹೇಳಿದ್ದಾರೆ.

ಮೊದಲ ಐದು ನಿಮಿಷ ಮಕ್ಕಳ ಕಣ್ಣೆಲ್ಲ ಪರದೆ ಮೇಲೆ. ಆಮೇಲೆ ಒಬ್ಬೊಬ್ಬರೇ ತೂಕಡಿಸುತ್ತಾರೆ. ಬಿಸಿಯೂಟ ಆದ ಮೇಲಿನ ಪೀರಿಯಡ್ ಆದರಂತೂ ಕೇಳಲೇಬೇಡಿ. ಕಿಟಕಿ ಮುಚ್ಚಿದರೆ ನಿದ್ದೆ, ತೆರೆದರೆ ಪರದೆ ಮೇಲೆ ಏನೂ ಕಾಣುವುದಿಲ್ಲ. ಅದೇ ಬೋರ್ಡ್ ಮೇಲೆ ಚಿತ್ರ ಬರೆಯುತ್ತಾ ಪಾಠ ಮಾಡಿದರೆ ಎಲ್ಲರೂ ಎಚ್ಚರವಾಗಿಯೇ ಇರುತ್ತಾರೆ.

ಮುಂದಿನ ವಾರ 'ಆಮ್ಲಗಳು, ಪ್ರತ್ಯಾಮ್ಲಗಳು ಮತ್ತು ಲವಣಗಳು' ಶುರು ಮಾಡಬೇಕು. ಸ್ಲೈಡ್ ಬಳಸಿ ಪಾಠ ಮಾಡುವವರು ಹೇಗೆ ಮಾಡುತ್ತೀರಿ? ನಿಜವಾಗಲೂ ಲಾಭ ಇದೆಯಾ, ಇಲ್ಲ ಸುಮ್ನೆ ಫೋಟೋಗೆ ಮಾತ್ರವಾ?

ಚಾಕ್‌ಪೀಸ್
ಫೋಟೋಗೆ ಮಾತ್ರ. ಮುಂದಿನ ಪ್ರಶ್ನೆ?

ಪಿಸಿಎಂ_ಧಾರವಾಡ
ಚಾಕ್‌ಪೀಸ್ ಸರ್ ಯಾವಾಗಲೂ ಹೀಗೆಯೇ. ಮೇಡಂ, ಒಂದು ಸ್ಲೈಡಿನಲ್ಲಿ ಎಷ್ಟು ಸಾಲು ಹಾಕುತ್ತೀರಿ?

ಸಿಬಿಝೆಡ್_ಮಿಸ್
ಏಳೆಂಟು ಸಾಲು ಇರುತ್ತದೆ ಸರ್. ಪುಸ್ತಕದ ಮುಖ್ಯ ಅಂಶಗಳು. ಪಕ್ಕದಲ್ಲಿ ಚಿತ್ರ. ನಾನು ಓದಿ ವಿವರಿಸುತ್ತೇನೆ, ಅವರು ನೋಟ್ಸ್ ಬರೆದುಕೊಳ್ಳುತ್ತಾರೆ.

ಪಿಸಿಎಂ_ಧಾರವಾಡ
ಅಲ್ಲೇ ಇರುವುದು ವಿಷಯ. ಮಗು ಒಂದೇ ಹೊತ್ತಿಗೆ ಮೂರು ಕೆಲಸ ಮಾಡಬೇಕು: ಸ್ಲೈಡ್ ಓದಬೇಕು, ನಿಮ್ಮ ಮಾತು ಕೇಳಬೇಕು, ಬರೆಯಬೇಕು. ಮೂರರಲ್ಲೂ ಇರುವುದು ಅದೇ ವಾಕ್ಯ. ಯಾರಿಗೆ ಬೇಜಾರಾಗುವುದಿಲ್ಲ ಹೇಳಿ?

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂಟಾ ಬಾರ್ಬರಾ ಕ್ಯಾಂಪಸ್ಸಿನ ರಿಚರ್ಡ್ ಮೇಯರ್ ಎಂಬ ಮನಃಶಾಸ್ತ್ರಜ್ಞರು ಇದರ ಮೇಲೆ ವರ್ಷಗಟ್ಟಲೆ ಪ್ರಯೋಗ ಮಾಡಿದ್ದಾರೆ. ಚಿತ್ರ ತೋರಿಸಿ ಬಾಯಲ್ಲಿ ವಿವರಿಸಿದರೆ ಮಕ್ಕಳು ಚೆನ್ನಾಗಿ ಕಲಿಯುತ್ತಾರೆ. ಅದೇ ವಿವರಣೆಯನ್ನು ಪರದೆ ಮೇಲೂ ಅಕ್ಷರದಲ್ಲಿ ಹಾಕಿದರೆ ಕಲಿಕೆ ಕಡಿಮೆಯಾಗುತ್ತದೆ. ಕಣ್ಣು ಚಿತ್ರ ನೋಡಬೇಕೋ ಅಕ್ಷರ ಓದಬೇಕೋ ಅಂತ ಅಲ್ಲೇ ಒದ್ದಾಡುತ್ತಿರುತ್ತದೆ.

ನಾನು ಮಾಡುವುದು ಇಷ್ಟು. ಸ್ಲೈಡಿನಲ್ಲಿ ಉತ್ತರ ಹಾಕುವುದಿಲ್ಲ, ಪ್ರಶ್ನೆ ಹಾಕುತ್ತೇನೆ. 'ವಿದ್ಯುಚ್ಛಕ್ತಿ' ಪಾಠದ್ದೇ ಹೇಳುತ್ತೇನೆ. ಒಂದು ಚಿತ್ರ: 40 ವ್ಯಾಟ್ ಮತ್ತು 100 ವ್ಯಾಟ್‌ನ ಹಳೆ ಕಾಲದ ತಂತಿ ಬಲ್ಬ್‌ಗಳು, ಶ್ರೇಣಿಯಲ್ಲಿ ಜೋಡಿಸಿ 230 ವೋಲ್ಟ್‌ಗೆ ಕೊಟ್ಟಿದ್ದೇವೆ. ಯಾವುದು ಜೋರಾಗಿ ಉರಿಯುತ್ತದೆ? ಅಷ್ಟೇ ಸ್ಲೈಡ್. ಕೈ ಎತ್ತಿ ಅಂದರೆ ಮುಕ್ಕಾಲು ಕ್ಲಾಸ್ 100 ಅನ್ನುತ್ತದೆ. ಪಕ್ಕದವನ ಜೊತೆ ಎರಡು ನಿಮಿಷ ಜಗಳವಾಡಿ ಅನ್ನುತ್ತೇನೆ. ನಂತರ ಲೆಕ್ಕ. 40ರ ಬಲ್ಬಿನ ರೋಧ ಸುಮಾರು 1,322 ಓಮ್, 100ರದ್ದು 529 ಓಮ್. ಹರಿಯುವ ಕರೆಂಟ್ ಒಂದೇ. ಹಾಗಾಗಿ 40ರ ಬಲ್ಬಿಗೆ ಸುಮಾರು 20 ವ್ಯಾಟ್ ಸಿಗುತ್ತದೆ, 100ರದ್ದಕ್ಕೆ 8 ವ್ಯಾಟ್ ಅಷ್ಟೇ. ಚಿಕ್ಕ ಬಲ್ಬೇ ಗೆಲ್ಲುತ್ತದೆ. ಆ ದಿನ ಯಾರೂ ಮಲಗುವುದಿಲ್ಲ.

ಓಮ್_ನಮಃ
ಸಣ್ಣ ತಿದ್ದುಪಡಿ. ತಂತಿಯ ರೋಧ ಬಿಸಿ ಇದ್ದಾಗ ಒಂದು, ತಣ್ಣಗಿದ್ದಾಗ ಇನ್ನೊಂದು. ನೀವು ಹಾಕಿದ್ದು ಪೂರ್ತಿ ಉರಿಯುವಾಗಿನ ರೋಧ. ಇಲ್ಲಿ 100ರ ಬಲ್ಬ್ ಸರಿಯಾಗಿ ಬಿಸಿಯೇ ಆಗುವುದಿಲ್ಲ, ಅದರ ರೋಧ ಇನ್ನೂ ಕಡಿಮೆ ಇರುತ್ತದೆ. ಅಂದರೆ ನಿಜದಲ್ಲಿ ವ್ಯತ್ಯಾಸ ನಿಮ್ಮ ಲೆಕ್ಕಕ್ಕಿಂತ ಜಾಸ್ತಿ.

ಪಿಸಿಎಂ_ಧಾರವಾಡ
ಒಪ್ಪಿದೆ. ಹತ್ತನೇ ಕ್ಲಾಸಿಗೆ ಅಷ್ಟು ಸಾಕು ಅಂತ ಬಿಟ್ಟಿದ್ದೆ.

ನಿವೃತ್ತ_ಮೇಷ್ಟ್ರು
ಸ್ಲೈಡಿನಲ್ಲಿ ತೋರಿಸಿದ ಮೇಲೆ ಯಾರಾದರೂ ಹುಡುಗ ಮನೆಗೆ ಹೋಗಿ 230 ವೋಲ್ಟಿಗೆ ತಂತಿ ಸಿಕ್ಕಿಸಿದರೆ? ಎರಡು ಟಾರ್ಚ್ ಬಲ್ಬ್, ಎರಡು ಸೆಲ್ ಸಾಕಪ್ಪ. ಕೈಯಲ್ಲೇ ಮಾಡಿ ತೋರಿಸಬಹುದಾದ್ದಕ್ಕೆ ಪರದೆ ಯಾಕೆ?

ಪಿಸಿಎಂ_ಧಾರವಾಡ
ಸರ್, ಎಚ್ಚರಿಕೆ ಮಾತು ಸರಿ, ಮನೆಯಲ್ಲಿ ಮಾಡಬೇಡಿ ಅಂತ ಹೇಳಿಯೇ ಹೇಳುತ್ತೇನೆ. ಆದರೆ ಒಂದೇ ಥರದ ಎರಡು ಟಾರ್ಚ್ ಬಲ್ಬ್ ಇಟ್ಟರೆ ಈ ಪ್ರಶ್ನೆ ಹುಟ್ಟುವುದೇ ಇಲ್ಲ. ಅದಕ್ಕೆ ಬೇರೆ ಪ್ರಶ್ನೆ ಇದೆ: ಪಾಸಿಟಿವ್ ಕಡೆ ಇರುವ ಬಲ್ಬ್ ಜಾಸ್ತಿ ಉರಿಯುತ್ತದಾ? ಅರ್ಧ ಕ್ಲಾಸ್ ಹೌದು ಅನ್ನುತ್ತದೆ, ಮೊದಲ ಬಲ್ಬ್ ಕರೆಂಟನ್ನು 'ತಿಂದುಬಿಡುತ್ತದೆ' ಅಂತ. ಅದನ್ನು ನೀವು ಹೇಳಿದ ಹಾಗೆ ಟಾರ್ಚ್ ಬಲ್ಬಲ್ಲೇ ಮಾಡುತ್ತೇನೆ.

ಪಿಯುಸಿ_ಹುಡುಗಿ
ನಾನು ಶಿಕ್ಷಕಿ ಅಲ್ಲ, ಹೋದ ವರ್ಷ ಎಸ್ಸೆಸ್ಸೆಲ್ಸಿ ಮುಗಿಸಿದೆ. ಮಕ್ಕಳ ಕಡೆಯಿಂದ ಒಂದು ಮಾತು ಹೇಳಲಾ?

ನಮಗೆ ಸಿಟ್ಟು ಬರುತ್ತಿದ್ದುದು ಎರಡಕ್ಕೆ. ಒಂದು, ಬರೆದು ಮುಗಿಯುವ ಮೊದಲೇ ಮುಂದಿನ ಸ್ಲೈಡ್. ಸರ್ ಸರ್ ಹಿಂದೆ ಹೋಗಿ ಅಂತ ಕೂಗುವುದರಲ್ಲೇ ಪೀರಿಯಡ್ ಮುಗಿಯುತ್ತಿತ್ತು. ಎರಡು, ಅಕ್ಷರ ಒಂದೊಂದೇ ಹಾರಿಕೊಂಡು ಬರುವುದು, ಜೊತೆಗೆ ಟಕ್ ಟಕ್ ಸದ್ದು.

ನೆನಪಿರುವ ಸ್ಲೈಡ್ ಅಂದರೆ ಹೃದಯದ್ದು. ಮೀನಿಗೆ ಎರಡು ಕೋಣೆ, ಕಪ್ಪೆಗೆ ಮೂರು, ನಮಗೆ ನಾಲ್ಕು. ಮೂರೇ ಚಿತ್ರ, ಹೆಸರು ಕೂಡ ಇರಲಿಲ್ಲ. 'ಎರಡೇ ಕೋಣೆ ಇಟ್ಟುಕೊಂಡು ಮೀನು ಹೇಗೆ ಸಂಭಾಳಿಸುತ್ತದೆ?' ಅಂತ ಕೇಳಿ ಮಿಸ್ ಸುಮ್ಮನೆ ನಿಂತರು. ತುಂಬಾ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಎಲ್ಲರೂ ಮಾತಾಡಿದರು.

ಸಿಬಿಝೆಡ್_ಮಿಸ್
ನಿಮ್ಮ ಮಿಸ್ ಉತ್ತರ ಹೇಳಿದ್ದು ಯಾವಾಗ?

ಪಿಯುಸಿ_ಹುಡುಗಿ
ಮರುದಿನ! ಮೀನಿನ ರಕ್ತ ಹೃದಯದಿಂದ ಕಿವಿರಿಗೆ ಹೋಗಿ ಅಲ್ಲಿಂದ ನೇರವಾಗಿ ಮೈಗೆ ಹೋಗುತ್ತದೆ, ಒಂದು ಸುತ್ತಿನಲ್ಲಿ ಹೃದಯಕ್ಕೆ ಒಂದೇ ಸಲ ಬರುತ್ತದೆ ಅಂತ. ಅಷ್ಟರಲ್ಲಿ ನಾವು ಪುಸ್ತಕ ನೋಡಿಬಿಟ್ಟಿದ್ದೆವು.

ಉಬುಂಟು_ಬಸು
ಎಲ್ಲ ಸರಿ, ಮೊದಲು ಫಾಂಟ್ ವಿಷಯ ಮಾತಾಡೋಣ. ಮನೆಯಲ್ಲಿ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿ, ಪೆನ್‌ಡ್ರೈವಲ್ಲಿ ಹಾಕಿಕೊಂಡು ಹೋಗಿ, ಶಾಲೆಯ ಕಂಪ್ಯೂಟರಲ್ಲಿ ತೆರೆದರೆ 'ದ್ಯುತಿಸಂಶ್ಲೇಷಣೆ' ಹೋಗಿ ಇಂಗ್ಲಿಷ್ ಅಕ್ಷರ, ಚಿಹ್ನೆ ಎಲ್ಲ ಕಲಸಿಕೊಂಡಿರುತ್ತವೆ. ಎಷ್ಟು ಜನ ಅನುಭವಿಸಿಲ್ಲ ಇದನ್ನು?

ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯೂನಿಕೋಡಿನಲ್ಲೇ ಟೈಪ್ ಮಾಡಿ. ಆಗಲೂ ಒತ್ತಕ್ಷರ ಒಡೆದರೆ ಪಿಡಿಎಫ್ ಮಾಡಿಕೊಂಡು ಹೋಗಿ. ಹಿಂದೆ ಎಸ್‌ಟಿಎಫ್ (ವಿಷಯ ಶಿಕ್ಷಕರ ವೇದಿಕೆ) ತರಬೇತಿಯಲ್ಲಿ ಉಬುಂಟು, ಲಿಬ್ರೆ ಆಫೀಸ್ ಕಲಿಸಿದ್ದರು ನೆನಪಿದೆಯಾ? ನಾನು ಇವತ್ತಿಗೂ ಲಿಬ್ರೆ ಆಫೀಸಿನ ಇಂಪ್ರೆಸ್ಸಿನಲ್ಲೇ ಸ್ಲೈಡ್ ಮಾಡುವುದು. ಕಾಸಿಲ್ಲ, ವೈರಸ್ ಕಾಟವೂ ಕಡಿಮೆ.

ಕಡಲತೀರ
ಬಸು ಸರ್, ನುಡಿಯಲ್ಲೂ ಯೂನಿಕೋಡ್ ಇದೆ. ತೊಂದರೆ ಕೊಡುವುದು ಹಳೆಯ ಆಸ್ಕಿ ಫಾಂಟ್. ನುಡಿಯನ್ನು ಯಾಕೆ ಬೈಯುತ್ತೀರಿ?

ಉಬುಂಟು_ಬಸು
ಬೈದಿಲ್ಲ ಸರ್. ಆದರೆ ನಮ್ಮವರು ಇನ್ನೂ ಬಳಸುವುದು ಆ ಹಳೆಯದನ್ನೇ.

ಕಡಲತೀರ
ಪವರ್‌ಪಾಯಿಂಟಲ್ಲಿ ಫೈಲ್ ಉಳಿಸುವಾಗ ಫಾಂಟನ್ನೂ ಜೊತೆಗೆ ಸೇರಿಸುವ ಆಯ್ಕೆ ಇದೆ, ಆಪ್ಷನ್ಸ್‌ನ ಸೇವ್ ವಿಭಾಗದಲ್ಲಿ. ಅದನ್ನು ಒತ್ತಿ. ಪಿಡಿಎಫ್ ಮಾಡಿದರೆ ಅನಿಮೇಷನ್ ಹೋಗುತ್ತದೆ ಅನ್ನುವುದು ನೆನಪಿರಲಿ.

ಚಾಕ್‌ಪೀಸ್
ಹೋದರೆ ಹೋಗಲಿ. ಟಕ್ ಟಕ್ ಸದ್ದು ತಪ್ಪಿತು.

ಕರಾವಳಿ_ಬಯಾಲಜಿ
ಉಡುಪಿ ಕಡೆಯವಳು ನಾನು. ಮಿಸ್, ಬೋರ್ಡ್ ಚಿತ್ರ ಮತ್ತು ಪ್ರೊಜೆಕ್ಟರ್ ಎರಡನ್ನೂ ಯಾಕೆ ಬೇರೆ ಬೇರೆ ಮಾಡುತ್ತೀರಿ? ಪರದೆ ತೆಗೆದಿಡಿ. ನೇರವಾಗಿ ಬೋರ್ಡ್ ಮೇಲೆಯೇ ಬೆಳಕು ಬಿಡಿ.

ಸ್ಲೈಡಿನ ಹಿನ್ನೆಲೆ ಪೂರ್ತಿ ಕಪ್ಪು. ಚಿತ್ರದ ಗೆರೆ ಬಿಳಿ, ಸ್ವಲ್ಪ ದಪ್ಪ. ನೆಫ್ರಾನ್, ಹೃದಯ, ಹೂವಿನ ನೀಳಛೇದ, ಯಾವುದಾದರೂ ಸರಿ. ಭಾಗಗಳ ಹೆಸರು ಹಾಕಬೇಡಿ. ಹಸಿರು ಬೋರ್ಡ್ ಮೇಲೆ ಆ ಗೆರೆ ಬಿದ್ದಾಗ ಒಬ್ಬೊಬ್ಬರನ್ನೇ ಕರೆದು ಸೀಮೆಸುಣ್ಣದಲ್ಲಿ ಹೆಸರು ಬರೆಸಿ. ಎಲ್ಲ ಆದ ಮೇಲೆ ಕೀಬೋರ್ಡಿನ ಬಿ ಒತ್ತಿ. ಸ್ಲೈಡ್ ಶೋ ನಡೆಯುತ್ತಿರುವಾಗ ಬಿ ಒತ್ತಿದರೆ ಪವರ್‌ಪಾಯಿಂಟ್ ಪರದೆ ಕಪ್ಪಾಗುತ್ತದೆ. ಚಿತ್ರ ಮಾಯ, ಸೀಮೆಸುಣ್ಣದ ಹೆಸರುಗಳು ಮಾತ್ರ ಉಳಿಯುತ್ತವೆ. ಈಗ ಮತ್ತೊಬ್ಬನನ್ನು ಕರೆದು ಹೆಸರುಗಳ ಸುತ್ತ ಚಿತ್ರ ಬರೆಸಿ. ಮತ್ತೆ ಬಿ ಒತ್ತಿ, ಅಸಲಿ ಚಿತ್ರದ ಜೊತೆ ಹೋಲಿಸಿ. ಕ್ಲಾಸಿಡೀ ನಗು. ತಪ್ಪು ಎಲ್ಲಿದೆ ಅಂತ ಅವರೇ ಹೇಳುತ್ತಾರೆ.

ಪರೀಕ್ಷೆಯಲ್ಲಿ 'ಚಿತ್ರ ಬರೆದು ಭಾಗ ಗುರುತಿಸಿ' ಹೇಗೂ ಬರುತ್ತದೆ. ಅಂದಮೇಲೆ ಚಿತ್ರ ಬರೆಯುವ ಕೈ ಮಕ್ಕಳದ್ದೇ ಆಗಬೇಕು ಅಲ್ವಾ?

ಸಿಬಿಝೆಡ್_ಮಿಸ್
ಇದು ಸೂಪರ್. ಬಿ ಒತ್ತುವುದು ಗೊತ್ತೇ ಇರಲಿಲ್ಲ. ಆದರೆ ನಮ್ಮ ಕೋಣೆಯಲ್ಲಿ ಬೆಳಕು ಜಾಸ್ತಿ, ಹಸಿರು ಬೋರ್ಡ್ ಮೇಲೆ ಗೆರೆ ಕಾಣುತ್ತದಾ?

ಕರಾವಳಿ_ಬಯಾಲಜಿ
ಬೋರ್ಡಿನ ಪಕ್ಕದ ಎರಡು ಕಿಟಕಿ ಮುಚ್ಚಿ, ಹಿಂದಿನವು ತೆರೆದಿರಲಿ. ಗಾಳಿಯೂ ಆಗುತ್ತದೆ, ನಿದ್ದೆಯೂ ಕಡಿಮೆ. ಪೂರ್ತಿ ಕತ್ತಲೆ ಬೇಕಾಗಿಲ್ಲ. ಬಿಳಿ ಮಾರ್ಕರ್ ಬೋರ್ಡ್ ಇದ್ದರೆ ಇನ್ನೂ ಸುಲಭ, ಆಗ ಬಿಳಿ ಹಿನ್ನೆಲೆಗೆ ಕಪ್ಪು ಗೆರೆ.

ಎಂಟನೇ_ಕ್ಲಾಸ್_ಅಪ್ಪ
ಪೋಷಕರ ಕಡೆಯಿಂದ ಒಂದು ದೂರು. ಈಗೀಗ ಶಾಲೆಯವರು ಮಕ್ಕಳಿಗೇ ಪಿಪಿಟಿ ಮಾಡಿಕೊಂಡು ಬಾ ಅನ್ನುತ್ತಾರೆ. ಮಗಳಿಗೆ 'ಬೆಳೆ ಉತ್ಪಾದನೆ' ಬಂತು. ಮಾಡಿದ್ದು ಯಾರು? ನಾನು, ರಾತ್ರಿ ಹನ್ನೊಂದರವರೆಗೆ. ಅವಳ ಗೆಳತಿಯದ್ದು ಸೈಬರ್ ಸೆಂಟರಿನವನು ದುಡ್ಡು ತಗೊಂಡು ಮಾಡಿಕೊಟ್ಟ. ಅದಕ್ಕೇ ಬಹುಮಾನ ಬಂತು. ನಮ್ಮ ಮನೆ ಹಿಂದೆಯೇ ಹೊಲ ಇದೆ ಸ್ವಾಮಿ, ನನ್ನ ಪಿಪಿಟಿಯಲ್ಲಿ ಇರುವುದು ಇಂಟರ್‌ನೆಟ್ಟಿಂದ ತೆಗೆದ ಯಾವುದೋ ದೇಶದ ಟ್ರ್ಯಾಕ್ಟರ್.

ಚಾಕ್‌ಪೀಸ್
ಈ ವರ್ಷದ ಅತ್ಯುತ್ತಮ ಪೋಸ್ಟ್.

ಪಿಸಿಎಂ_ಧಾರವಾಡ
ಮಕ್ಕಳು ಸ್ಲೈಡ್ ಮಾಡುವುದು ಕೆಟ್ಟದ್ದಲ್ಲ ಸರ್. ಅದಕ್ಕೆ ಕಟ್ಟಳೆ ಬೇಕು. ಒಬ್ಬರಿಗೆ ಒಂದೇ ಸ್ಲೈಡ್. ಅದರಲ್ಲಿ ಒಂದೇ ಫೋಟೋ, ಅದೂ ತಾವೇ ತೆಗೆದದ್ದು. ಕೆಳಗೆ ಒಂದು ಪ್ರಶ್ನೆ. ನಿಂತು ಮೂರು ನಿಮಿಷ ಮಾತು. ಹೊಲದ ಬದುವಿನ ಮೇಲಿನ ಕಳೆ ಗಿಡದ ಫೋಟೋ ತಂದ ಹುಡುಗನನ್ನು ಕ್ಲಾಸಿನವರೆಲ್ಲ ಪ್ರಶ್ನೆ ಕೇಳಿ ಸುಸ್ತು ಮಾಡುತ್ತಾರೆ. ಸೈಬರ್ ಸೆಂಟರಿನವನು ಬಂದು ಉತ್ತರ ಹೇಳುವುದಿಲ್ಲವಲ್ಲ.

ನಗರದ_ಟೀಚರ್
ಎಲ್ಲರ ಮನೆಯಲ್ಲೂ ಫೋನ್ ಇರುತ್ತದೆ ಅಂತ ಅಂದುಕೊಳ್ಳಬೇಡಿ. ಬೆಂಗಳೂರಲ್ಲೇ ನಮ್ಮ ಶಾಲೆಯ ಎಷ್ಟೋ ಮಕ್ಕಳಿಗೆ ಅಪ್ಪ ಕೆಲಸದಿಂದ ಬಂದ ಮೇಲೆಯೇ ಫೋನ್ ಕೈಗೆ ಸಿಗುವುದು. ಶಾಲೆಯಲ್ಲೇ ಟೀಚರ್ ಫೋನಲ್ಲಿ ತೆಗೆಸಿ.

ಇನ್ನೊಂದು. ಮೇಯರ್ ಹೇಳಿದ್ದನ್ನು ಪೂರ್ತಿ ಹೇಳಬೇಕು ಪಿಸಿಎಂ ಸರ್. ಪಾಠದ ಭಾಷೆ ಮಗುವಿನ ಮನೆಮಾತು ಅಲ್ಲದಿದ್ದರೆ ಪರದೆ ಮೇಲೆ ಅಕ್ಷರ ಇದ್ದರೆ ಸಹಾಯವೇ ಆಗುತ್ತದೆ. ಹೊಸ ಪಾರಿಭಾಷಿಕ ಪದ ಬಂದಾಗಲೂ ಅಷ್ಟೇ. ನನ್ನ ಇಂಗ್ಲಿಷ್ ಮೀಡಿಯಂ ಸೆಕ್ಷನ್ನಿನಲ್ಲಿ ಮನೆಯಲ್ಲಿ ಉರ್ದು, ತಮಿಳು, ತೆಲುಗು, ಕನ್ನಡ ಆಡುವ ಮಕ್ಕಳಿದ್ದಾರೆ. 'ಪೆರಿಸ್ಟಾಲ್ಸಿಸ್' ಅಂತ ಬಾಯಲ್ಲಿ ಹೇಳಿದರೆ ಒಬ್ಬೊಬ್ಬರು ಒಂದೊಂದು ಬರೆಯುತ್ತಾರೆ. ಪದ ಪರದೆ ಮೇಲೆ ಇರಲೇಬೇಕು.

ಪಿಸಿಎಂ_ಧಾರವಾಡ
ಪದ ಇರಲಿ ಮೇಡಂ. ಚಿತ್ರದ ಪಕ್ಕ ಒಂದೆರಡು ಪದ ಇದ್ದರೆ ಮೇಯರ್ ಅವರದ್ದೂ ತಕರಾರಿಲ್ಲ. ನನ್ನ ತಕರಾರು ಪ್ಯಾರಾ ಹಾಕುವುದಕ್ಕೆ.

ಓಮ್_ನಮಃ
ಈ ಬುಲೆಟ್ ಸಾಲುಗಳ ಚಟ ಶಾಲೆಗೆ ಮಾತ್ರ ಇರುವುದಲ್ಲ. 2003ರ ಫೆಬ್ರವರಿ 1ರಂದು ಕೊಲಂಬಿಯಾ ನೌಕೆ ಒಡೆದು ಕಲ್ಪನಾ ಚಾವ್ಲಾ ಸೇರಿ ಏಳು ಜನ ಸತ್ತರಲ್ಲ, ಅದರಲ್ಲೂ ಒಂದು ಪವರ್‌ಪಾಯಿಂಟ್ ಕಥೆ ಇದೆ. ಉಡಾವಣೆ ಹೊತ್ತಿಗೆ ಫೋಮ್ ತುಂಡೊಂದು ಎಡ ರೆಕ್ಕೆಗೆ ಬಡಿದಿತ್ತು. ನೌಕೆ ಇನ್ನೂ ಮೇಲೆ ಸುತ್ತುತ್ತಿದ್ದಾಗಲೇ ಇಂಜಿನಿಯರುಗಳು ನಾಸಾದವರಿಗೆ ಸ್ಲೈಡ್ ತೋರಿಸಿದರು. ಶೀರ್ಷಿಕೆ ನೋಡಿದರೆ ಧೈರ್ಯ ಬರುವ ಹಾಗಿತ್ತು. ಬಡಿದ ತುಂಡು ಪರೀಕ್ಷೆಯಲ್ಲಿ ಬಳಸಿದ್ದಕ್ಕಿಂತ ಸುಮಾರು 640 ಪಟ್ಟು ದೊಡ್ಡದು ಅನ್ನುವ ಲೆಕ್ಕ ಮಾತ್ರ ತೀರಾ ಕೆಳಗೆ, ಸಣ್ಣ ಅಕ್ಷರದಲ್ಲಿ. ಮಾಹಿತಿಯನ್ನು ಚಿತ್ರ, ಪಟ್ಟಿಗಳಲ್ಲಿ ತೋರಿಸುವುದರ ತಜ್ಞ ಎಡ್ವರ್ಡ್ ಟಫ್ಟಿ ಅದನ್ನು ಸಾಲುಸಾಲಾಗಿ ಬಿಡಿಸಿ ತೋರಿಸಿದರು. ತನಿಖಾ ಮಂಡಳಿಯ ವರದಿಯಲ್ಲೂ ಅದರ ಟೀಕೆ ಇದೆ.

ಕಡಲತೀರ
ಅದು ಪವರ್‌ಪಾಯಿಂಟ್ ತಪ್ಪಾ, ಬರೆದವರ ತಪ್ಪಾ? ಅದೇ ಮಾತನ್ನು ಕಾಗದದಲ್ಲಿ ಕೊನೆ ಪುಟದಲ್ಲಿ ಬರೆದಿದ್ದರೂ ಯಾರೂ ಓದುತ್ತಿರಲಿಲ್ಲ.

ಓಮ್_ನಮಃ
ಕಾಗದದಲ್ಲಿ ಪೂರ್ತಿ ವಾಕ್ಯ ಬರೆಯಲೇಬೇಕು ಸರ್. ತುಂಡು ಸಾಲಿನಲ್ಲಿ 'ಆದ್ದರಿಂದ', 'ಆದರೆ' ಎಲ್ಲ ಉದುರಿಹೋಗುತ್ತವೆ. ವಿಜ್ಞಾನದಲ್ಲಿ ಬೇಕಾದದ್ದೇ ಅವು.

ಕಡಲತೀರ
ಅದನ್ನು ಬಾಯಲ್ಲಿ ಹೇಳಲು ಮೇಷ್ಟ್ರು ಇದ್ದಾರಲ್ಲ.

ನಿವೃತ್ತ_ಮೇಷ್ಟ್ರು
ಇದೆಲ್ಲ ಹೊಸದೇನಲ್ಲ. ನಮ್ಮ ಕಾಲದಲ್ಲಿ ಓಎಚ್‌ಪಿ (ಓವರ್‌ಹೆಡ್ ಪ್ರೊಜೆಕ್ಟರ್) ಬಂತು. ಪಾರದರ್ಶಕ ಹಾಳೆ, ಬಣ್ಣದ ಪೆನ್ನು, ಹಿಂದಿನಿಂದ ಫ್ಯಾನಿನ ಗುಂಯ್ ಸದ್ದು. ಆಗಲೂ ಎಲ್ಲರೂ ಹಾಳೆ ತುಂಬ ಬರೆದು ಓದುತ್ತಿದ್ದರು. 2004ರ ಸೆಪ್ಟೆಂಬರಿನಲ್ಲಿ ಎಜುಸ್ಯಾಟ್ ಹಾರಿತು. ಪಾಠಕ್ಕೆಂದೇ ಬಿಟ್ಟ ಉಪಗ್ರಹ. ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ ಅದರಿಂದ ಪಾಠ ಬರುತ್ತಿತ್ತು. ಮೇಲಿನಿಂದ ಪಾಠ ಬಂದರೂ ಟಿವಿ ನಿಲ್ಲಿಸಿ 'ಈಗ ಹೇಳಿದ್ದು ಏನು?' ಅಂತ ಕೇಳುವ ಮೇಷ್ಟ್ರು ಕೋಣೆಯಲ್ಲಿ ಬೇಕೇ ಬೇಕಿತ್ತು.

ಬೆಂಗಳೂರಲ್ಲಿ ಇದ್ದಾಗ ಸೈನ್ಸ್ ಫೋರಂ ಉಪನ್ಯಾಸಗಳಿಗೆ ಹೋಗುತ್ತಿದ್ದೆ. 1962ರಲ್ಲಿ ಎಚ್. ನರಸಿಂಹಯ್ಯನವರು ಕಟ್ಟಿದ್ದು. ಒಳ್ಳೆ ಭಾಷಣಕಾರರು ಸ್ಲೈಡ್ ಹಾಕಿದರೂ ಅದರ ಕಡೆ ತಿರುಗಿ ನಿಲ್ಲುತ್ತಿರಲಿಲ್ಲ. ನಮ್ಮ ಮುಖವನ್ನೇ ನೋಡಿ ಮಾತಾಡುತ್ತಿದ್ದರು. ಮೇಡಂ, ಅಷ್ಟು ಮಾಡಿ ಸಾಕು. ಪರದೆಗೆ ಬೆನ್ನು, ಮಕ್ಕಳಿಗೆ ಮುಖ.

ಪಾಸಿಂಗ್_ಪ್ಯಾಕೇಜ್
ಮಾತು ಚೆನ್ನಾಗಿದೆ. ಆದರೆ ಹತ್ತನೇ ಕ್ಲಾಸಿನ 80 ಅಂಕದ ಪೇಪರಿಗೆ ಮಕ್ಕಳನ್ನು ತಯಾರು ಮಾಡುವವರು ಯಾರು? ಒಂದು ಪ್ರಶ್ನೆ ಸ್ಲೈಡಿಗೆ ಹತ್ತು ನಿಮಿಷ ಜಗಳ ಆಡಿಸಿದರೆ ಸಿಲಬಸ್ ಮುಗಿಯುತ್ತದಾ? ಬಿಇಒ ಮೀಟಿಂಗಿನಲ್ಲಿ ಫಲಿತಾಂಶ ಕೇಳುತ್ತಾರೆ, ಜಗಳ ಕೇಳುವುದಿಲ್ಲ.

ಪಿಸಿಎಂ_ಧಾರವಾಡ
ಎಲ್ಲ ಪಾಠಕ್ಕೂ ಮಾಡಿ ಅಂತ ಯಾರು ಹೇಳಿದರು? ಮಕ್ಕಳು ಎಡವುವ ಜಾಗ ಪ್ರತಿ ಪಾಠದಲ್ಲೂ ಒಂದೋ ಎರಡೋ ಇರುತ್ತದೆ. ಅಲ್ಲಿ ಮಾತ್ರ ನಿಲ್ಲಿಸಿ. ಉಳಿದದ್ದು ಸರಸರ ಹೋಗಲಿ. ಹಾರ್ವರ್ಡಿನ ಭೌತಶಾಸ್ತ್ರ ಪ್ರಾಧ್ಯಾಪಕ ಎರಿಕ್ ಮಜೂರ್ 1990ರ ದಶಕದ ಶುರುವಿನಿಂದ ಇದೇ ಮಾಡುತ್ತಾ ಬಂದಿದ್ದಾರೆ: ಪ್ರಶ್ನೆ, ಮತ ಹಾಕುವುದು, ಪಕ್ಕದವರ ಜೊತೆ ಚರ್ಚೆ, ಮತ್ತೆ ಮತ. ಅವರ ಹುಡುಗರು ಸೂತ್ರ ಹಾಕಿ ಲೆಕ್ಕ ಮಾಡುತ್ತಿದ್ದರು, ಆದರೆ ಸುಲಭದ ಪ್ರಶ್ನೆ ಕೇಳಿದರೆ ತಪ್ಪು ಹೇಳುತ್ತಿದ್ದರು. ನಮ್ಮ ಮಕ್ಕಳದ್ದೂ ಅದೇ ಕಥೆ.

ಪಾಸಿಂಗ್_ಪ್ಯಾಕೇಜ್
ಹಾರ್ವರ್ಡ್ ಹುಡುಗರಿಗೆ ಪಾಸಾಗುವ ಚಿಂತೆ ಇಲ್ಲ ಸರ್. ನನ್ನ ಕ್ಲಾಸಲ್ಲಿ ಹದಿನೈದು ಜನಕ್ಕೆ ಇದೆ. ಅವರಿಗೆ ಓಮ್‌ನ ನಿಯಮ ಬಾಯಿಗೆ ಬಂದರೆ ಸಾಕು.

ಕರಾವಳಿ_ಬಯಾಲಜಿ
ಆ ಹದಿನೈದು ಜನವೇ ನನ್ನ ಕ್ಲಾಸಲ್ಲಿ ಬೋರ್ಡಿಗೆ ಓಡಿ ಬರುವವರು. ಓದಲು ಬರದವನೂ ಚಿತ್ರ ನೋಡಿ ಊಹಿಸಬಹುದು. ಸುಮ್ನೆ ಅವರನ್ನು ಬಾಯಿಪಾಠಕ್ಕೆ ಕಟ್ಟಿಹಾಕಬೇಡಿ.

ಪಾಸಿಂಗ್_ಪ್ಯಾಕೇಜ್
ಮಾರ್ಚ್ ಬರಲಿ, ಮಾತಾಡೋಣ.

ನಗರದ_ಟೀಚರ್
ಮತ ಹಾಕಿಸುವುದಕ್ಕೆ ಒಂದು ಉಪಾಯ. ಕೈ ಎತ್ತಿ ಅಂದರೆ ಎಲ್ಲರೂ ಮೊದಲ ಬೆಂಚಿನ ಬುದ್ಧಿವಂತನ ಕೈ ನೋಡಿ ಎತ್ತುತ್ತಾರೆ. ಹಳೆ ಲಗ್ನಪತ್ರಿಕೆಗಳನ್ನು ಕತ್ತರಿಸಿ ಹಿಂಬದಿಯಲ್ಲಿ ಎ, ಬಿ, ಸಿ, ಡಿ ಬರೆದು ಪ್ರತಿಯೊಬ್ಬರಿಗೂ ನಾಲ್ಕು ಕಾರ್ಡ್ ಕೊಟ್ಟಿದ್ದೇನೆ. ಒಂದು, ಎರಡು, ಮೂರು ಅಂದಾಗ ಎಲ್ಲರೂ ಒಟ್ಟಿಗೆ ಎದೆಯ ಮುಂದೆ ಹಿಡಿಯಬೇಕು. ಕ್ಲಾಸ್ ಎಲ್ಲಿದೆ ಅಂತ ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಪ್ಲಿಕರ್ಸ್ ಅಂತ ಆ್ಯಪ್ ಕೂಡ ಇದೆ, ಮಕ್ಕಳು ಹಿಡಿದ ಕಾರ್ಡನ್ನು ನಮ್ಮ ಫೋನ್ ಕ್ಯಾಮೆರಾ ಓದಿಕೊಳ್ಳುತ್ತದೆ. ನನಗಂತೂ ಲಗ್ನಪತ್ರಿಕೆಯೇ ಸಲೀಸು.

ಉಬುಂಟು_ಬಸು
ಪ್ರಶ್ನೆ ಸ್ಲೈಡ್ ಇಷ್ಟಪಡುವವರಿಗೆ ಇನ್ನೊಂದು: ಫೆಟ್, ಅಂದರೆ ಕಂಪ್ಯೂಟರಲ್ಲಿ ಆಡಿಸುವ ವಿಜ್ಞಾನ ಪ್ರಯೋಗಗಳು. ಕೊಲರಾಡೊ ವಿಶ್ವವಿದ್ಯಾಲಯದಲ್ಲಿ 2002ರಲ್ಲಿ ಕಾರ್ಲ್ ವೀಮನ್ ಶುರು ಮಾಡಿದ್ದು. 2001ರಲ್ಲಿ ಭೌತಶಾಸ್ತ್ರದ ನೊಬೆಲ್ ಹಂಚಿಕೊಂಡವರು ಅವರು. ಸರ್ಕ್ಯೂಟ್ ಕಟ್ಟುವುದು, ಬೆಳಕು ಬಾಗುವುದು, ಪಿಎಚ್ ಅಳೆಯುವುದು ಎಲ್ಲ ಅದರಲ್ಲಿ ಆಡಿಸಬಹುದು. ಪೂರ್ತಿ ಉಚಿತ. ಒಮ್ಮೆ ಇಳಿಸಿಕೊಂಡರೆ ನೆಟ್ ಇಲ್ಲದೆಯೂ ನಡೆಯುತ್ತದೆ. ಕನ್ನಡಕ್ಕೆ ಬಂದಿರುವವೂ ಇವೆ. ಸ್ಲೈಡಿನಲ್ಲಿ ನಿಂತ ಚಿತ್ರ ಹಾಕುವ ಬದಲು ಇದನ್ನು ತೆರೆದು, ಮೌಸನ್ನು ಮಗುವಿನ ಕೈಗೆ ಕೊಡಿ.

ಹಿಂದಿನ_ಬೆಂಚು
ಪ್ರೊಜೆಕ್ಟರಿನಿಂದ ಸ್ಲೈಡ್ ಮಾತ್ರ ತೋರಿಸಬೇಕು ಅಂತ ಏನೂ ಇಲ್ಲವಲ್ಲ? ನಮ್ಮಲ್ಲಿ ಫೋನನ್ನು ಸೂಕ್ಷ್ಮದರ್ಶಕದ ಕಣ್ಣಿನ ಕಡೆಯ ಮಸೂರದ ಮೇಲೆ ಇಟ್ಟು ನೇರವಾಗಿ ಗೋಡೆಗೆ ಬಿಡುತ್ತೇವೆ. ಈರುಳ್ಳಿ ಸಿಪ್ಪೆ, ರಿಯೋ ಎಲೆಯ ಪತ್ರರಂಧ್ರ, ಕೆರೆ ನೀರು. ಮೊದಲೆಲ್ಲ ಒಂದು ಸೂಕ್ಷ್ಮದರ್ಶಕಕ್ಕೆ ಅರವತ್ತು ಮಕ್ಕಳ ಸಾಲು, ಕೊನೆಯವನು ನೋಡುವಷ್ಟರಲ್ಲಿ ಬೆಲ್. ಈಗ ಕೆರೆ ನೀರಲ್ಲಿ ಏನೋ ಓಡಿದರೆ ಅರವತ್ತು ಜನ ಒಟ್ಟಿಗೆ ಕೂಗುತ್ತಾರೆ. ಪಕ್ಕದ ಕ್ಲಾಸಿನ ಗಣಿತದ ಸರ್ ಬಂದು ಬೈದು ಹೋಗುತ್ತಾರೆ.

ಚಾಕ್‌ಪೀಸ್
ಇದು ಮಾತ್ರ ಒಪ್ಪಿದೆ. ಇದು ಪಿಪಿಟಿ ಅಲ್ಲ.

ಪಿಸಿಎಂ_ಧಾರವಾಡ
ಚಾಕ್‌ಪೀಸ್ ಸರ್ ಒಪ್ಪಿದರು! ಇನ್ನೊಂದು ಪ್ರಶ್ನೆ ಸ್ಲೈಡ್ ಹೇಳಿಬಿಡುತ್ತೇನೆ, ವಿಜ್ಞಾನ ಸಂಘದ ದಿನ ಹಾಕಿ. ಎರಡು ಸಾಲು: ಜನವರಿ ಮೊದಲ ವಾರ ಸೂರ್ಯನಿಂದ ಭೂಮಿಗೆ ಸುಮಾರು 14.7 ಕೋಟಿ ಕಿ.ಮೀ., ಜುಲೈ ಮೊದಲ ವಾರ ಸುಮಾರು 15.2 ಕೋಟಿ ಕಿ.ಮೀ. ಹತ್ತಿರ ಇದ್ದಾಗ ನಮಗೆ ಚಳಿ ಯಾಕೆ?

ಹಿಂದಿನ_ಬೆಂಚು
ಅಕ್ಷದ ಓರೆ ಅಂತ ಬಾಯಿಪಾಠ ಹೇಳುತ್ತಾರೆ. ಆಮೇಲೆ 'ಹಾಗಾದರೆ ನಮ್ಮಲ್ಲಿ ಜೂನ್‌ಗಿಂತ ಏಪ್ರಿಲ್, ಮೇ ಯಾಕೆ ಸುಡುತ್ತದೆ?' ಅಂತ ಕೇಳಿ, ಮಜಾ ನೋಡಿ.

ಓಮ್_ನಮಃ
ಜೂನ್‌ಗೆ ಮಳೆ ಮೋಡ. ಜೊತೆಗೆ ನಮ್ಮ ನೆತ್ತಿಯ ಮೇಲೆ ಸೂರ್ಯ ವರ್ಷಕ್ಕೆ ಎರಡು ಸಲ ಬರುತ್ತಾನೆ. ಬೆಂಗಳೂರಲ್ಲಿ ಏಪ್ರಿಲ್ 24 ಮತ್ತು ಆಗಸ್ಟ್ 18ರ ಹೊತ್ತಿಗೆ ಮಧ್ಯಾಹ್ನ ನೆಟ್ಟಗೆ ನಿಂತ ಕಂಬಕ್ಕೆ ನೆರಳೇ ಇರುವುದಿಲ್ಲ. ಉತ್ತರಕ್ಕೆ ಹೋದ ಹಾಗೆ ಮೊದಲನೆಯದು ತಡ, ಎರಡನೆಯದು ಬೇಗ.

ನಗರದ_ಟೀಚರ್
ಏಪ್ರಿಲಲ್ಲಿ ಬೇಸಿಗೆ ರಜೆ, ಆಗಸ್ಟಲ್ಲಿ ಮೋಡ. ಶಾಲೆಯವರಿಗೆ ಈ ಭಾಗ್ಯ ಇಲ್ಲ.

ಎಂಟನೇ_ಕ್ಲಾಸ್_ಅಪ್ಪ
ವಿಷಯ ಎಲ್ಲಿಂದ ಎಲ್ಲಿಗೆ ಹೋಯಿತು. ಸ್ಲೈಡಿಗೇ ಬರುತ್ತೇನೆ. ದಯವಿಟ್ಟು ನೀಲಿ ಮೇಲೆ ಕೆಂಪು ಅಕ್ಷರ ಹಾಕಬೇಡಿ. ಮಗಳು ಕೊನೆ ಬೆಂಚಿನಿಂದ ಏನೂ ಕಾಣಲಿಲ್ಲ ಅಂದಳು. ಕನ್ನಡಕ ಬೇಕೇನೋ ಅಂತ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದರೆ ಕಣ್ಣು ಸರಿಯಾಗಿಯೇ ಇದೆ ಅಂದರು.

ಕರಾವಳಿ_ಬಯಾಲಜಿ
ಕೆಂಪು ಹಸಿರೂ ಬೇಡ. ಅಪಧಮನಿ ಕೆಂಪು, ಪಕ್ಕದಲ್ಲೇ ಇನ್ನೊಂದು ಹಸಿರು ಅಂತ ಹಾಕಿದರೆ ವರ್ಣಾಂಧತೆ ಇರುವ ಹುಡುಗನಿಗೆ ಎರಡೂ ಒಂದೇ. ಆ ಜೀನ್ ಎಕ್ಸ್ ವರ್ಣತಂತುವಿನ ಮೇಲಿರುವುದರಿಂದ ಹುಡುಗರಲ್ಲೇ ಇದು ಜಾಸ್ತಿ. ಎಷ್ಟೋ ಹುಡುಗರಿಗೆ ತಮಗೆ ಹಾಗಿದೆ ಅಂತಲೇ ಗೊತ್ತಿರುವುದಿಲ್ಲ.

ಸಿಬಿಝೆಡ್_ಮಿಸ್
ಎಲ್ಲವನ್ನೂ ಓದಿದೆ. 'ಆಮ್ಲ, ಪ್ರತ್ಯಾಮ್ಲ' ಪಾಠಕ್ಕೆ ಹೀಗೆ ಅಂದುಕೊಂಡಿದ್ದೇನೆ. ಒಂದೇ ಒಂದು ಸ್ಲೈಡ್, ಅದರಲ್ಲಿ ಕುಂಕುಮದ ಫೋಟೋ: 'ಅರಿಶಿನದಿಂದ ಇದು ಹೇಗೆ ಆಗುತ್ತದೆ?' ಆಮೇಲೆ ಪ್ರೊಜೆಕ್ಟರ್ ಬಂದ್. ಅರಿಶಿನದ ಕಾಗದ, ಸುಣ್ಣದ ತಿಳಿ, ಸೋಪಿನ ನೀರು, ನಿಂಬೆ ರಸ ಗುಂಪುಗಳಿಗೆ ಕೊಡುತ್ತೇನೆ. ಕೊನೆಗೆ ಅಯಾನುಗಳ ವಿಷಯ ಬಂದಾಗ ಫೆಟ್‌ನ ಪಿಎಚ್ ತೋರಿಸಿದರೆ ಹೇಗೆ? ಕಣ್ಣಿಗೆ ಕಾಣದ್ದು ಅದೊಂದೇ ಅಲ್ವಾ.

ನಿವೃತ್ತ_ಮೇಷ್ಟ್ರು
ಭೇಷ್. ದಾಸವಾಳವನ್ನೂ ಸೇರಿಸಮ್ಮ. ಅರಿಶಿನ ಪ್ರತ್ಯಾಮ್ಲಕ್ಕೆ ಮಾತ್ರ ಕೆಂಪಾಗುತ್ತದೆ, ಆಮ್ಲ ಹಾಕಿದರೆ ಹಳದಿಯಾಗಿಯೇ ಇರುತ್ತದೆ. ಅರಿಶಿನ ಒಂದನ್ನೇ ಕೊಟ್ಟರೆ ನಿಂಬೆ ರಸಕ್ಕೂ ಬರೀ ನೀರಿಗೂ ವ್ಯತ್ಯಾಸವೇ ಇಲ್ಲ ಅನ್ನುತ್ತಾರೆ ಮಕ್ಕಳು. ದಾಸವಾಳದ ರಸ ಆಮ್ಲಕ್ಕೆ ಗುಲಾಬಿ, ಪ್ರತ್ಯಾಮ್ಲಕ್ಕೆ ಹಸಿರು.

ಸಿಬಿಝೆಡ್_ಮಿಸ್
ಶಾಲೆ ಅಂಗಳದಲ್ಲಿ ಬಿಳಿ ದಾಸವಾಳ ಇದೆ ಸರ್. ಅದು ಆಗುತ್ತದಾ?

ಕರಾವಳಿ_ಬಯಾಲಜಿ
ಬಿಳಿ ಬೇಡ, ಕೆಲಸ ಮಾಡುವುದೇ ಆ ಕೆಂಪು ಬಣ್ಣ. ಕೆಂಪು ದಾಸವಾಳದ ಎಸಳನ್ನು ಬಿಸಿ ನೀರಲ್ಲಿ ಹಾಕಿಟ್ಟು ಸೋಸಿಕೊಳ್ಳಿ. ಅದು ಸಿಗದಿದ್ದರೆ ನೇರಳೆ ಹಣ್ಣಿನ ರಸ, ಇಲ್ಲವೇ ಕೆಂಪು ಎಲೆಕೋಸು. ಅವತ್ತು ಬೆಳಿಗ್ಗೆಯೇ ಮಾಡಿಕೊಳ್ಳಿ, ಇಟ್ಟರೆ ಬಣ್ಣ ಕೆಡುತ್ತದೆ.

ಹಿಂದಿನ_ಬೆಂಚು
ಹುಣಸೆ ರಸ ಮಾತ್ರ ಇಡಬೇಡಿ. ಅದರ ಕಂದು ಬಣ್ಣದಲ್ಲಿ ಗುಲಾಬಿ ಕಾಣುವುದೇ ಇಲ್ಲ, ಮಕ್ಕಳು ಗಲಾಟೆ ಎಬ್ಬಿಸುತ್ತಾರೆ. ನಿಂಬೆ, ಬಿಳಿ ವಿನೆಗರ್ ಸಾಕು.